ಹತ್ತಿರ ಅನ್ನುವುದೇ ಇಲ್ಲದ ಬೀಗ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರಲಿಲ್ಲವೆಂದು ನೀನು ಏನೇನು ಅಂದುಕೊಂಡೆಯೋ. ಅಕ್ಕನಿಗೆ ಇಷ್ಟವಿಲ್ಲ, ಮುಖ ಊದಿಸಿಕೊಂಡು ಕೂತಿದ್ದಾಳೆ ಅಂದುಕೊಂಡಿದ್ದರೆ ನಿನ್ನ ಕಿವಿ ಹಿಂಡಬೇಕು. ನಿನ್ನ ಮದುವೆಯ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಸಂತೋಷಕ್ಕೇ ಅತ್ತೆ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂದವರು ನಾವು, ಜನ ಓರಗಿತ್ತಿಯರು ಅನ್ನುತ್ತಾರೆ. ನನ್ನ ಮಟ್ಟಿಗೆ ನೀನು ಬೆನ್ನಿಗೆ ಬಿದ್ದ ತಂಗಿ. ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡವಳು ಬದುಕೆಲ್ಲ ಹಾಗೇ ಕೂತಿರಬೇಕೆಂದು ಬಯಸುವಷ್ಟು ಕೆಟ್ಟವಳಲ್ಲ ನಾನು.

ಕನ್ನಡಕದಂಗಡಿಯಲ್ಲಿ ನಿನ್ನ ಪಕ್ಕದ ಮೇಜಿನಲ್ಲಿ ಗಾಜು ಉಜ್ಜುವ ಆ ಮನುಷ್ಯನದು ಮಾತು ಕಡಿಮೆ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ ಎಂದು ಬರೆದಿದ್ದೀಯಲ್ಲ, ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ. ಮಾತಿನ ಮಲ್ಲನೊಬ್ಬನನ್ನು ನೀನು ಈಗಾಗಲೇ ನೋಡಿಯಾಗಿದೆ. ನನ್ನ ಮೈದುನ ಬಾಯಿ ತೆರೆದರೆ ಗಿರಾಕಿಗಳು ತಂದ ಬೀಗವನ್ನೇ ಮರೆತು ಹೋಗುತ್ತಿದ್ದರು.

ಇಲ್ಲಿಯ ಸಮಾಚಾರ ಹೇಳುತ್ತೇನೆ, ನಿಧಾನವಾಗಿ ಓದು. ಫೋನಿನಲ್ಲಿ ಹೇಳೋಣವೆಂದರೆ ಇವರು ಎದುರಲ್ಲೇ ಕೂತಿರುತ್ತಾರೆ. ಈಗ ಊಟ ಮಾಡಿ ಮಲಗಿದ್ದಾರೆ.

ಅಂಗಡಿ ಈಗ ನನ್ನದೇ ಅನ್ನಬಹುದು. ಬೆಳಿಗ್ಗೆ ಷಟರ್ ಎತ್ತುವುದು ನಾನು, ಕೀಲಿ ಕತ್ತರಿಸುವ ಯಂತ್ರದ ಮುಂದೆ ಕೂರುವುದು ನಾನು, ಅರ ಹಿಡಿದು ಅಂಚು ಉಜ್ಜುವುದೂ ನಾನು. ತಲೆಕೂದಲಲ್ಲಿ ಯಾವಾಗಲೂ ಹಿತ್ತಾಳೆ ಪುಡಿ, ಬಿಸಿಲಿಗೆ ಹೋದರೆ ಮಿಂಚುತ್ತೇನೆ. ಯಜಮಾನರಿಲ್ಲವೇ ಎಂದು ಗಿರಾಕಿಗಳು ಕೇಳಿದರೆ, ಇದ್ದಾರೆ, ಇಲ್ಲದ ಬೀಗ ತೆಗೆಯಲು ಕೂತಿದ್ದಾರೆ ಅನ್ನುತ್ತೇನೆ. ಅವರು ನಗುತ್ತಾರೆ. ಹಿಂದಿನ ಕೋಣೆಯಲ್ಲಿ ಹೊಟ್ಟೆಹಸಿದ ಪ್ರಾಣಿಯ ಹಾಗೆ ಗುರುಗುಟ್ಟುವ ಕಂಪ್ಯೂಟರು ಇದೆಯೆಂಬುದು ಅವರಿಗೆ ಗೊತ್ತಿಲ್ಲ.

ನಿನ್ನ ಗಂಡ ಕ್ರಿಪ್ಟೊ ಎನ್ನುವ ಆ ದುಡ್ಡನ್ನು ಕೂಡಿಹಾಕಿದ್ದು ನಿನಗೆ ಗೊತ್ತೇ ಇದೆ. ನನಗೆ ಅರ್ಥವಾದ ಮಟ್ಟಿಗೆ ಅದೊಂದು ಗಾಜಿನ ತಿಜೋರಿ. ಒಳಗೆಷ್ಟಿದೆ ಎಂಬುದು ವಿಳಾಸ ಗೊತ್ತಿದ್ದ ಯಾರಿಗಾದರೂ ಕಾಣುತ್ತದೆ. ತೆಗೆಯಬೇಕೆಂದರೆ ಕೀ ಬೇಕು, ಆ ಕೀ ಅವನ ಫೋನಿನಲ್ಲಿತ್ತು. ಅವನು ಯಾರದೋ ಉಗ್ರಾಣಕ್ಕೆ ಬೀಗ ಬದಲಾಯಿಸಲು ಹೋದ ದಿನ ಬೆಂಕಿ ಬಿತ್ತಲ್ಲ, ಫೋನೂ ಹೋಯಿತು, ಅವನೂ ಹೋದ. ದೇಹದ ಗುರುತು ಹಿಡಿಯಲು ನಿನ್ನ ಭಾವ ಒಬ್ಬರೇ ಒಳಗೆ ಹೋದರು. ನಾವಿಬ್ಬರೂ ಆಸ್ಪತ್ರೆಯ ಬಾಗಿಲಾಚೆ ಕೈ ಕೈ ಹಿಡಿದು ನಿಂತಿದ್ದೆವು. ನೋಡುವಂಥದ್ದಲ್ಲ, ನೀವು ಬರಬೇಡಿ ಅಂದಿದ್ದರು.

ಅದಾದ ಮೇಲೆ ಇವರು ಕಂಪ್ಯೂಟರು ತಂದು ಆ ಕೀಯನ್ನು ಊಹಿಸುವುದಕ್ಕೆ ಹಚ್ಚಿದರು. ಒಂದಾದ ಮೇಲೊಂದು ಕೀ ತಾನೇ ಹುಟ್ಟಿಸಿ, ಹಾಕಿ ನೋಡುವ ಕೆಲಸ. ತೆಗೆದರೆ ಪೂರ್ತಿ ದುಡ್ಡು ನಿನ್ನದೇ ಎಂದು ನಿನಗೂ ಮಾತು ಕೊಟ್ಟಿದ್ದರಲ್ಲ. ಮೊದಮೊದಲು ನಾನೂ ಸುಮ್ಮನಿದ್ದೆ. ನಮ್ಮ ಕಸುಬಿನವರಿಗೆ ಬೀಗ ಅಂದಮೇಲೆ ತೆಗೆದೇ ತೀರುತ್ತೇವೆಂಬ ಹಟ ಇರುತ್ತದೆ. ಕೀಲಿ ಕಳೆದ ಬೀಗವನ್ನು ಇವರು ಹೇಗೆ ತೆಗೆಯುತ್ತಾರೆಂದು ನೀನೂ ನೋಡಿದ್ದೀಯ. ಕಡ್ಡಿ ತೂರಿಸಿ, ಕಣ್ಣು ಮುಚ್ಚಿ, ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಒಂದು ಪಿನ್ನು ಸರಿಯಾದ ಜಾಗದಲ್ಲಿ ಕೂತರೆ ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮುಂದಿನದು. ಬೀಗ ತಾನೇ ದಾರಿ ಹೇಳುತ್ತದೆ.

ಇದನ್ನೂ ಹಾಗೇ ಅಂದುಕೊಂಡರು. ಒಂದೊಂದು ಕೀಗೂ ಅದರದೇ ಒಂದು ವಿಳಾಸ ಇರುತ್ತದಂತೆ. ಕಂಪ್ಯೂಟರು ಹುಟ್ಟಿಸಿದ ಯಾವುದೋ ಕೀಯ ವಿಳಾಸದ ಮೊದಲ ನಾಲ್ಕಾರು ಅಕ್ಷರಗಳು ತಮ್ಮನ ವಿಳಾಸಕ್ಕೆ ಹೊಂದಿದರೆ ಓಡಿಬರುತ್ತಿದ್ದರು, ಒಂದು ಪಿನ್ನು ಕೂತಿತು ನೋಡು ಎನ್ನುತ್ತಿದ್ದರು. ಅಕ್ಕಪಕ್ಕದ ಕೀಗಳನ್ನೆಲ್ಲ ಹುಡುಕಿಸುತ್ತಿದ್ದರು. ಪರದೆಯ ಮೇಲೆ ಬೆರಳಿಟ್ಟು, ಬೀಗಕ್ಕೆ ಕಿವಿಗೊಟ್ಟ ಹಾಗೇ ತಲೆ ವಾಲಿಸಿಕೊಂಡು ಕೂರುತ್ತಿದ್ದರು.

ಈಗ ಕೇಳು. ನಿನ್ನ ಕಾಗದ ಬಂದ ವಾರದಲ್ಲೇ ಆ ದುಡ್ಡು ಅಲ್ಲಿಂದ ಹೋಯಿತು. ಪೂರ್ತಿ. ಬೇರೆ ಯಾವುದೋ ವಿಳಾಸಕ್ಕೆ, ಒಂದೇ ಸಲಕ್ಕೆ. ನಮ್ಮ ಕಂಪ್ಯೂಟರಿನ ಕೆಲಸವಲ್ಲ, ಅದು ಕೆಟ್ಟು ರಿಪೇರಿಗೆ ಹೋಗಿತ್ತು.

ಇವರು ಕುಸಿದುಬಿಡುತ್ತಾರೆಂದು ನಾನು ಹೆದರಿದೆ. ನೀರು ತಂದುಕೊಟ್ಟೆ. ನೀರು ಕುಡಿದು ನಗತೊಡಗಿದರು, ಪುಟ್ಟಿ. ನೋಡಿದೆಯಾ, ಯಾರೋ ಊಹಿಸಿಯೇಬಿಟ್ಟ, ಆಗುವುದೇ ಇಲ್ಲ ಅನ್ನುತ್ತಿದ್ದರಲ್ಲ ಎಲ್ಲರೂ ಅಂದರು. ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು. ಕಳ್ಳತನವಾದ ಮನೆಯ ಯಜಮಾನ ಹೀಗೆ ಉಣ್ಣುವುದನ್ನು ನಾನೆಲ್ಲೂ ಕಂಡಿಲ್ಲ. ಮಾರನೆಯ ದಿನದಿಂದ ಸಿಕ್ಕಸಿಕ್ಕವರನ್ನೆಲ್ಲ ಕೇಳುವುದು ಶುರುವಾಯಿತು. ಸೈಕಲ್ ಬೀಗಕ್ಕೆ ಎಣ್ಣೆ ಹಾಕಿಸಲು ಬಂದ ಅಂಚೆಯವನನ್ನೂ ಬಿಡಲಿಲ್ಲ. ಊಹಿಸಬಹುದು ಅಲ್ಲವೇ, ಯಂತ್ರ ದೊಡ್ಡದಿದ್ದರೆ ಆಗುತ್ತದೆ ಅಲ್ಲವೇ? ಆ ಬಡಪಾಯಿ ಹೌದು ಅಂದಾಗ ಇವರು ಅವನ ಕೈ ಹಿಡಿದುಕೊಂಡರು. ಅವನು ಅರ್ಥವಾಗದೆ ನನ್ನ ಮುಖ ನೋಡಿದ.

ನನಗೆ ತಡೆಯಲಾಗಲಿಲ್ಲ. ಆ ಕಂಪ್ಯೂಟರು ಮಾರಿದ ಹೆಂಗಸಿನ ಅಂಗಡಿಗೇ ಹೋದೆ. ಒಳ್ಳೆಯವಳು, ಇವರು ಇನ್ನೊಂದು ಕೊಡು ಅಂದಾಗ ಮಾರಲು ಒಪ್ಪದವಳು. ಸ್ಟೂಲು ಒರೆಸಿ ಕೂರಿಸಿದಳು. ಊಹಿಸಬಹುದೇ ಇಲ್ಲವೇ, ನೆಟ್ಟಗೆ ಹೇಳಮ್ಮ ಅಂದೆ.

ಕೆಲವು ಕೀಗಳನ್ನು ಊಹಿಸಬಹುದಂತೆ. ಜನ ತಮ್ಮ ತಲೆಯಿಂದಲೇ ಹೆಂಡತಿಯ ಹೆಸರು, ಹಾಡಿನ ಸಾಲು ಇಟ್ಟು ಕೀ ಮಾಡಿಕೊಂಡಿದ್ದರೆ ಕಳ್ಳರು ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆಯುತ್ತಾರಂತೆ. ಆದರೆ ಫೋನು ತಾನೇ ಆರಿಸಿಕೊಟ್ಟ ಕೀ ಹಾಗಲ್ಲ. ಭೂಮಿಯ ಮೇಲಿನ ಜನರೆಲ್ಲ ಬೀಗದವರಾಗಿ, ಒಬ್ಬೊಬ್ಬರೂ ಕ್ಷಣಕ್ಕೆ ಕೋಟಿ ಕೀ ಹಾಕಿ ನೋಡುತ್ತ, ಭೂಮಿ ಹುಟ್ಟಿದಾಗಿನಿಂದ ಕೂತಿದ್ದರೂ ಆ ಕೀಗಳ ರಾಶಿಯ ಅಂಚೂ ಕರಗಿರುತ್ತಿರಲಿಲ್ಲ ಅಂದಳು. ಮೈದುನನ ಫೋನೇ ಅದನ್ನು ಆರಿಸಿಕೊಟ್ಟದ್ದು, ಆ ಕೀಯನ್ನೇ ಹನ್ನೆರಡು ಪದಗಳಾಗಿ ತೋರಿಸಿತ್ತು ಎಂದು ನೀನೇ ಒಮ್ಮೆ ಹೇಳಿದ್ದೆ, ನನಗೆ ನೆನಪಿದೆ.

ಇವರು ಹೇಳುವ ಪಿನ್ನಿನ ವಿಷಯ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಇದು ನಿಮ್ಮ ಬೀಗದ ಥರ ಅಲ್ಲಮ್ಮ. ಇದರಲ್ಲಿ ಹತ್ತಿರ ಅನ್ನೋದೇ ಇಲ್ಲ. ಒಂದೇ ಒಂದು ಅಕ್ಷರ ತಪ್ಪಿದ್ರೂ, ಎಲ್ಲಾ ತಪ್ಪಿದ್ರೂ ಒಂದೇ."

ಹಾಗಾದರೆ ದುಡ್ಡು ಹೋದದ್ದು ಹೇಗೆ ಎಂದು ಕೇಳಿದೆ.

"ಕೀ ಇದ್ದವರು ತೆಗೆದ್ರು. ಅಷ್ಟೇ."

ಅಷ್ಟೇ ಅಂತೆ. ಆ ಕೀ ಗೊತ್ತಿದ್ದವನು ನಿನ್ನ ಗಂಡ ಒಬ್ಬನೇ ಎಂದು ಇಷ್ಟು ದಿನ ಎಲ್ಲರೂ ತಿಳಿದಿದ್ದೆವು.

ಅದಕ್ಕೇ ಕೇಳುತ್ತೇನೆ. ಆ ಹನ್ನೆರಡು ಪದಗಳನ್ನು ಅವನು ನಿನಗೆ ಬಾಯಿಪಾಠ ಮಾಡಿಸಿದ್ದನೇ? ಇಷ್ಟು ದಿನ ಮುಟ್ಟದೆ ಇದ್ದು, ಈಗ ಹೊಸ ಮನೆ ಮಾಡಬೇಕಲ್ಲ ಎಂದು ತೆಗೆದೆಯಾ? ತೆಗೆದಿದ್ದರೆ ಒಳ್ಳೆಯದೇ ಮಾಡಿದೆ. ಅದು ನಿನ್ನದು. ಪರದೆ ಹೊಲಿಸು, ಒಳ್ಳೆಯ ಹಾಸಿಗೆ ಕೊಳ್ಳು. ನಿನ್ನ ಭಾವ ಇಷ್ಟು ಒದ್ದಾಡುತ್ತಿರುವಾಗ ಯಾಕೆ ಹೇಳಲಿಲ್ಲ ಎಂದು ನಾನು ಒಂದು ಮಾತೂ ಕೇಳುವುದಿಲ್ಲ. ನೀನು ಸುಳ್ಳಿ, ಕಳ್ಳಿ, ಎಂಥ ಜಾಣೆ ಎಂದು ಬೈದು ನಗುತ್ತೇನೆ. ಅಷ್ಟು ನಗುವ ಭಾಗ್ಯ ನನಗೆ ಕೊಡು ಎಂದು ಬೇಡುತ್ತಿದ್ದೇನೆ.

ನೀನಲ್ಲದಿದ್ದರೆ? ಅದನ್ನು ಬರೆಯಲು ಕೈ ಬರುವುದಿಲ್ಲ. ಬರುವ ತಿಂಗಳು ನೀನು ಇನ್ನೊಬ್ಬನ ಪಕ್ಕದಲ್ಲಿ ನಿಲ್ಲುವವಳು.

ಚೆನ್ನಾಗಿರು. ಊಟ ತಪ್ಪಿಸಬೇಡ, ಕಣ್ಣು ನೋಯಿಸಿಕೊಂಡು ಕೆಲಸ ಮಾಡಬೇಡ. ನಕ್ಕರೆ ಬಾಯಿ ಮುಚ್ಚಿಕೊಳ್ಳುವ ಆ ಮನುಷ್ಯನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಾಳು ಈ ಸಲವಾದರೂ ತುಂಬಿರಲಿ ಎಂದು ಹರಸುತ್ತೇನೆ. ಬಾಯಿತುಂಬ ಹರಸಬೇಕೆಂದೇ ಇಷ್ಟು ದಿನ ಕಾದೆ, ಆಗಲಿಲ್ಲ.

ನಿನ್ನ
ಅಕ್ಕ

ಮ.ವಿ.: ಇದು ಮರೆತು ಉಳಿದದ್ದಲ್ಲ. ಬರೆಯಲೋ ಬೇಡವೋ ಎಂದು ಕಾಗದ ಮಡಿಸಿ, ಮತ್ತೆ ಬಿಡಿಸಿ ಕೂತಿದ್ದೇನೆ.

ಕಂಪ್ಯೂಟರು ರಿಪೇರಿಯಾಗಿ ಬಂದಿದೆ, ಮತ್ತೆ ಓಡುತ್ತಿದೆ. ದುಡ್ಡೇ ಹೋದಮೇಲೆ ಇನ್ನೇನು ಊಹಿಸುವುದಿದೆ, ಮಾರಿಬಿಡೋಣ ಎಂದು ನಿನ್ನೆ ಹೇಳಿದೆ. ಯಾರದಾದರೂ ಸರಿ, ಒಂದೇ ಒಂದು ಕೀ ಸಿಗಲಿ, ಊಹಿಸಬಹುದು ಅಂತಾದರೆ ಸಾಕು ಅಂದರು. ಅಂತಾದರೆ ಏನು ಸಿಗುತ್ತದೆ ನಿಮಗೆ ಎಂದು ಕೇಳಿದೆ. ಬೀಗದ ಮೇಲಿನ ತುಕ್ಕು ಕೆರೆಯುತ್ತಲೇ, ನನ್ನ ಕಡೆ ನೋಡದೆ ಹೇಳಿದರು.

"ಅವತ್ತು ನಾನು ಮುಖ ನೋಡಲಿಲ್ಲ ಕಣೆ. ಬಟ್ಟೆ ಸರಿಸ್ತೀವಿ ಅಂದ್ರು, ಬೇಡ ಅಂದೆ. ನಮ್ಮವನೇ ಅಂತ ಹೇಳಿ ಸಹಿ ಹಾಕಿಬಿಟ್ಟೆ."

ಬೆಂಕಿಗೆ ಮುಂಚಿನ ಆ ದಿನಗಳಲ್ಲಿ ನನ್ನ ಮೈದುನನನ್ನು ಕೇಳಿಕೊಂಡು ಅಂಗಡಿಗೆ ಇಬ್ಬರು ಮತ್ತೆ ಮತ್ತೆ ಬರುತ್ತಿದ್ದರು. ಯಾರದೋ ತಿಜೋರಿ ತೆಗೆಸಬೇಕೆಂದು ಅವನ ಬೆನ್ನು ಹತ್ತಿದ್ದವರು. ನಿನಗೆ ಹೇಳಬೇಡಿ ಎಂದು ಅವನು ಕೈಮುಗಿದಿದ್ದ. ಅವನನ್ನು ಮಣ್ಣು ಮಾಡಿದ ಮೇಲೆ ಅವರು ಈ ಕಡೆ ತಲೆಹಾಕಿಲ್ಲ.

"ಹೌದು ಅಂದ್ರೆ ಅವರು ಹುಡುಕೋದು ಬಿಡ್ತಾರೆ, ಅವಳು ಕಾಯೋದು ಬಿಡ್ತಾಳೆ ಅಂದ್ಕೊಂಡೆ," ಅಂದರು ನಿನ್ನ ಭಾವ.

ಹಾಗಾದರೆ ನಾವು ಮಣ್ಣು ಮಾಡಿದ್ದು ಯಾರನ್ನು ಎಂದು ಕೇಳಿದೆ. ಬೀಗ ಕೆಳಗಿಟ್ಟು ಕಂಪ್ಯೂಟರಿನ ಕೋಣೆಗೆ ಎದ್ದು ಹೋದರು. ಇಷ್ಟು ದಿನ ಎದ್ದ ತಕ್ಷಣ, ಮುಖ ತೊಳೆಯುವುದಕ್ಕೂ ಮುಂಚೆ ಆ ದುಡ್ಡು ಇದೆಯೇ ಎಂದು ನೋಡುತ್ತಿದ್ದರು. ಆಸೆಬುರುಕ ಎಂದು ನಾನು ಮನಸ್ಸಿನಲ್ಲೇ ಬೈದದ್ದುಂಟು. ಅದು ಅಲ್ಲೇ ಬಿದ್ದಿರುವುದನ್ನು ಕಂಡರೆ ಮಾತ್ರ ಇವರಿಗೆ ಸತ್ತವನು ತಮ್ಮನೇ ಎಂದು ತಾವು ಆಡಿದ್ದು ನಿಜವೆಂದು ನಂಬಿಕೆ ಬರುತ್ತಿತ್ತು ಎಂದು ಈಗ ತಿಳಿಯಿತು. ದುಡ್ಡು ಹೋದಮೇಲೆ, ಬೇರೆ ಯಾರೋ ತೆಗೆದರು ಅಂತಾದರೆ ಮಾತ್ರ ಆ ನಂಬಿಕೆ ಉಳಿಯುತ್ತದೆ.

ದುಡ್ಡು ನಾನೇ ತೆಗೆದೆ ಎಂದು ಒಂದು ಸಾಲು ಬರಿ, ಪುಟ್ಟಿ. ತೆಗೆದಿರದಿದ್ದರೂ ಹಾಗೇ ಬರಿ, ಇವರಿಗೆ ಓದಿ ಹೇಳುತ್ತೇನೆ. ನಿಜ ಬೇರೆಯಿದ್ದರೆ ಅದನ್ನು ಬೇರೆ ಕಾಗದದಲ್ಲಿ ನನ್ನೊಬ್ಬಳ ಹೆಸರಿಗೆ ಬರಿ. ಮದುವೆಗೆ ಮುಂಚೆ ಬರಿ.