ಅಪ್ಪಯ್ಯನ ರಿವಾಲ್ವರಿನ ಆರು ಗುಂಡು

ಪ್ರೀತಿಯ ಅಪ್ಪಯ್ಯ,

ನಿಮ್ಮ ಮಗಳು ಇವತ್ತು ಗುಂಡು ಹೊಡೆದಳು! ನಾನೇ ಇನ್ನೂ ನಂಬಿಲ್ಲ.

ನೀವು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಆದರೂ ನಿಮ್ಮ ರಿವಾಲ್ವರನ್ನು ಮಾರಿಬಿಡೋಣ ಅಂದುಕೊಂಡಿದ್ದೆ. ನಾನು ಈಚೆಗೆ ಮದುವೆಯಾದ ಕೌಶಲ್‌ಗೆ ಶೂಟಿಂಗ್ ಹುಚ್ಚು. "ಮಾರುಕ್ ಮುಂಚೆ ಒಂದ್ ಸಲ ಹೊಡ್ದ್ ಕಾಣ್" ಎಂದು ಬೈಂದೂರಿನ ಹತ್ತಿರ ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋದ.

ಮೊದಲು ಅವನ ಪಿಸ್ತೂಲು. ಅಬ್ಬಾ, ಎಷ್ಟು ಮೃದು! ಒದೆತವನ್ನೆಲ್ಲ ಅದೇ ನುಂಗಿಕೊಂಡು ಅಂಗೈಯನ್ನು ಮೆಲ್ಲನೆ ತಳ್ಳಿತು, ಅಷ್ಟೆ. ಆದರೆ ನಾಲ್ಕನೇ ಗುಂಡು ಸಿಕ್ಕಿಹಾಕಿಕೊಂಡಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಆಯುಧಪೂಜೆಯ ಗಂಧ, ಕುಂಕುಮ!

"ನಿನ್ ಭಕ್ತಿ ಜಾಸ್ತಿ ಆಯ್ತ್ ಮಾರಾಯ" ಎಂದು ನಕ್ಕೆ.

ಆಮೇಲೆ ನಿಮ್ಮದು. ಅದರ ಮೇಲೂ ನೀವು ವರ್ಷವರ್ಷ ಹಚ್ಚಿದ ಗಂಧ ಒಣಗಿ ಕೂತಿತ್ತು. ಕ್ಲಬ್ಬಿನವರು ಪರೀಕ್ಷಿಸಿ ಕೊಟ್ಟರು. ಮೊದಲ ಗುಂಡಿಗೇ ಭುಜದವರೆಗೂ ಒದೆಯಿತು, ಅಪ್ಪಯ್ಯ! ಆದರೆ ಆರಕ್ಕೆ ಆರೂ ಹಾರಿದವು. "ಇದ್ ಯಾವತ್ತೂ ಕೈ ಕೊಡುದಿಲ್ಲೆ" ಎನ್ನುತ್ತಿದ್ದಿರಲ್ಲ, ನಾನು ಅದನ್ನು ಮ್ಯೂಸಿಯಂ ಪೀಸ್ ಎನ್ನುತ್ತಿದ್ದೆ.

ಹಿಡಿಕೆಯ ಮರದಲ್ಲಿ ನಿಮ್ಮ ಹೆಬ್ಬೆರಳು ಸವೆಸಿದ ಒಂದು ತಗ್ಗಿದೆ. ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗಿ ಕೂತಿತು.

ಪ್ರತಿ ವರ್ಷ ಪೂಜೆ ಮುಗಿಸಿ, "ಬಾ ಮಗಾ, ಕೈ ಹಿಡ್ಕಂಡ್ ಕಲಿಸ್ತೆ" ಎನ್ನುತ್ತಿದ್ದಿರಿ. ನಾನು ಮೊಬೈಲಿನಿಂದ ತಲೆಯೆತ್ತದೆ "ಮುಂದಿನ ವರ್ಷ" ಎನ್ನುತ್ತಿದ್ದೆ.

"ಕೈ ನೋವಾಯ್ತಾ?" ಎಂದು ಕೌಶಲ್ ಕೇಳಿದ. ಇಲ್ಲ ಎಂದೆ. ಮಾರುವುದಿಲ್ಲ ಎಂದೂ ಹೇಳಿದೆ.

ಅಂಗೈ ಇನ್ನೂ ಜುಮ್ಮೆನ್ನುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಇದು ಬೇಗ ಇಳಿಯದಿರಲಿ, ಅಪ್ಪಯ್ಯ.

ನಿಮ್ಮ ಶ್ರಾವ್ಯ