ನಲವತ್ತು ಬುಡ ಅಂಜನ ಹುಲ್ಲು

ಡಿಸೆಂಬರ್ 6, ಶನಿವಾರ. ಮಧುರವಾಡ.

ಇವತ್ತು ಆ ಹುಲ್ಲನ್ನು ನನ್ನ ಕೈಯಾರೆ ಕೊಯ್ದುಬಿಟ್ಟೆ.

ಹಳೇ ಕಲ್ಲುಕ್ವಾರಿಯ ಬರಡು ಇಳಿಜಾರಿನಲ್ಲಿ ಎರಡು ವರ್ಷದಿಂದ ನೆಟ್ಟ ಒಂಬೈನೂರು ಬುಡಗಳಲ್ಲಿ ಬದುಕಿದ್ದು ನಲವತ್ತೇ. ತೆನೆಯಲ್ಲಿ ಇನ್ನೂ ಹಾಲಿತ್ತು. ಹತ್ತು ದಿನ ಕಳೆದಿದ್ದರೆ ಬೀಜ ಬಲಿಯುತ್ತಿತ್ತು, ಅದನ್ನೇ ಇಡೀ ಇಳಿಜಾರಿಗೆ ಬಿತ್ತಬೇಕೆಂದಿದ್ದೆ.

ಗುಡ್ಡದ ಕೆಳಗಿನ ಪೋಲಮ್ಮ, ಹುಲ್ಲು ಹಬ್ಬಿದರೆ ದನಕ್ಕೆ ಮೇವಾಗುತ್ತದೆ ಎಂಬ ನನ್ನ ಮಾತು ನಂಬಿ, ಇಷ್ಟು ದಿನ ಅಲ್ಲಿಗೆ ದನ ಬಿಟ್ಟಿರಲಿಲ್ಲ. ಚಂಡಮಾರುತಕ್ಕೆ ರಸ್ತೆ ಕಿತ್ತುಹೋಗಿ ಮೇವಿನ ಲಾರಿ ಬಂದಿಲ್ಲ. ಅವಳ ಗಬ್ಬದ ಹಸು ಮೂರು ದಿನದಿಂದ ಮೇವಿಲ್ಲದೆ ಬೆಳಿಗ್ಗೆ ನೆಲ ಹಿಡಿದಿತ್ತು. ಅವಳು ಬೇಲಿಯ ಹೊರಗೇ ನಿಂತು, “ಅಮ್ಮಾ, ನೀವು ಬೇಡ ಅಂದ್ರೆ ಮುಟ್ಟಲ್ಲ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳ ಕುಡುಗೋಲು ಇಸಿದುಕೊಂಡು ನಾನೇ ಕೊಯ್ದೆ, ತೆನೆ ಸಮೇತ. ಸಂಜೆಗೆ ಹಸು ಎದ್ದು ನಿಂತಿತು. ಪೋಲಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು, ಕಾರಣ ಮಾತ್ರ ಬೇರೆ.

ಸೋಮವಾರ, ಗುಡ್ಡ ಹಸಿರು ಮಾಡುವ ಈ ಕೆಲಸ ನನಗೆ ವಹಿಸಿದವರು ನೋಡಲು ಬರುತ್ತಾರೆ. ಬೋಳು ಗುಡ್ಡ ಕಂಡರೆ ನಿಲ್ಲಿಸಿ ಎನ್ನುತ್ತಾರೆ. ನನ್ನ ಗಂಡನ ಹಡಗು ಸಮುದ್ರದಲ್ಲಿದೆ, ಫೋನ್ ಸಿಗುವುದಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ?

ಹೊರಡುವಾಗ ಪೋಲಮ್ಮ, “ಮುಂದಿನ ವರ್ಷವೂ ದನ ಬಿಡಲ್ಲಮ್ಮಾ, ನೀವು ಬೆಳೆಸಿ” ಎಂದಳು. ಹೂಂ ಎಂದು ಬಂದೆ. ಒಂದು ಕಾಳು ಬೀಜವಿಲ್ಲದೆ ಹೇಗೆ ಬೆಳೆಸಲಿ, ಪೋಲಮ್ಮ, ಹೇಗೆ?