ಅಮ್ಮ ನಂಬಿದ ಸುಳ್ಳು

ಮೇ ೪, ಬುಧವಾರ. ಇಲೋಯ್ಲೋ, ಫಿಲಿಪ್ಪೀನ್ಸ್.

ಅಮ್ಮ ಹನ್ನೊಂದು ದಿನದಿಂದ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತೆಗೆದುಕೊಂಡಿಲ್ಲವೆಂದು ಇವತ್ತು ಗೊತ್ತಾಯಿತು. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿ ನನ್ನಿಂದ ಮುಚ್ಚಿಟ್ಟಿದ್ದಳು.

"ಪಾಲ್ಮಾರೆಸ್ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಇನ್ನು ನಾನು ಕಾಲಿಡಲ್ಲ," ಅಂದಳು. "ರೋಗಿಗಳ ಹೆಸರನ್ನ ಎದುರು ಪಕ್ಷಕ್ಕೆ ಕೊಡ್ತಾಳಂತೆ. ನಮ್ಮ ಸೆನೆಟರು ಅಧ್ಯಕ್ಷರಾಗಬಾರದು ಅಂತ, ನಮ್ಮಂಥೋರ ಹೆಸರನ್ನೇ ವೋಟರ್ ಲಿಸ್ಟಿಂದ ತೆಗೆಸ್ತಾರಂತೆ. ಊರಿಗೆಲ್ಲ ಗೊತ್ತು."

ಊರಿಗೆ ಗೊತ್ತಾಗಿದ್ದು ನನ್ನಿಂದ. ಆ ಸೆನೆಟರ ಪ್ರಚಾರ ಕಚೇರಿಯಲ್ಲಿ ಕೂತು ಅದನ್ನು ಬರೆದವಳು ನಾನೇ. ಡಾಕ್ಟರಮ್ಮನನ್ನು ಇಟ್ಟುಕೊಂಡು ಎದುರಾಳಿಗಳು ನಡೆಸುವ ಉಚಿತ ಕ್ಲಿನಿಕ್ಕಿನ ಹೆಸರು ಕೆಡಿಸಬೇಕು ಅಂದರು ಕಚೇರಿಯವರು. ಅರ್ಧ ಗಂಟೆಯಲ್ಲಿ ಕಥೆ ಕಟ್ಟಿಕೊಟ್ಟೆ. ಚಿಕ್ಕಂದಿನಲ್ಲಿ ಡೆಂಗಿ ಬಂದಾಗ ನನ್ನನ್ನು ಉಳಿಸಿದ್ದು ಅದೇ ಡಾಕ್ಟರಮ್ಮ. ಬರೆಯುವಾಗ ಅದು ನೆನಪಿತ್ತು. ಆದರೂ ಬರೆದೆ.

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಅಮ್ಮಾ, ಅದೆಲ್ಲ ಸುಳ್ಳು. ನಾನೇ ಹುಟ್ಟಿಸಿದ್ದು."

ಬೈಯಲಿ, ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಅಮ್ಮ ಒಣಮೀನಿನ ತಟ್ಟೆ ಸರಿಸಿ ಎದ್ದಳು. ಕಿಟಕಿ ಮುಚ್ಚಿ ಬಂದು, ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಇಂಡಾಯ್, ಹೀಗೆ ಹೇಳು ಅಂತ ನಿನ್ನ ಹೆದರಿಸಿದ್ದು ಯಾರು ಮಗಳೇ?"

ನಾನೇ ಬರೆದದ್ದು ಅಂತ ಆಣೆ ಇಟ್ಟೆ. ಅತ್ತುಬಿಟ್ಟೆ.

"ಪಾಪ, ನಿನ್ನನ್ನೂ ಬಿಡಲಿಲ್ಲ ಅವರು," ಎಂದು ತಲೆ ಸವರಿದಳು.

ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡು, ಮನೆಗೆ ಬನ್ನಿ ಎಂದು ಬೇಡಿಕೊಳ್ಳುತ್ತೇನೆ. ಅವರು ಬಂದಾರು, ಅಂಥವರು ಅವರು. ಆದರೆ ಅಮ್ಮ ಬಾಗಿಲು ತೆಗೆಯಬೇಕಲ್ಲ…